ಯಾರದೋ ಹಲ್ಲು

ಆರ್‌ಪಿಸಿ ಲೇಔಟಿನಲ್ಲಿ ನಂದೊಂದು ಪುಟ್ಟ ವಿಡಿಯೊ ಅಂಗಡಿ. ಒಂದು ಬೆಳಿಗ್ಗೆ ಧಾರವಾಡ ಕಡೆಯ ದಂಪತಿ ತಮ್ಮ ಮದುವೆಯ ಹಳೇ ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ತಂದರು. ಸಂಜೆ ಮನೆಯಲ್ಲಿ ವಾರ್ಷಿಕೋತ್ಸವವಂತೆ, ಹಾರ ಹಾಕುವ ತುಣುಕನ್ನು ದೊಡ್ಡ ಟಿವಿಯಲ್ಲಿ ತೋರಿಸಬೇಕಂತೆ. ಮುಖಗಳೆಲ್ಲ ಕಲಸಿದ ಹಿಟ್ಟಿನ ಹಾಗಿದ್ದವು.

"ಚಂದಂಗ ಕಾಣೂವಂಗ ಮಾಡ್ರಿ. ಇವ್ರು ಅವತ್ತು ನಕ್ಕೇ ಇಲ್ಲ, ಮಕ್ಕಳು ನೋಡ್ಲಿ," ಅಂದರು ಆಂಟಿ.

"ನಕ್ಕೀನಿ," ಅಂದರು ಯಜಮಾನರು.

ಮಸುಕಾದ ಮುಖಗಳನ್ನು ಸ್ಪಷ್ಟ ಮಾಡುವ ಎಐ ಫಿಲ್ಟರ್ ಹಾಕಿದೆ. ಕಂಪ್ಯೂಟರ್ ಮೊದಲು ಅರ್ಧ ಗಂಟೆ ಅಂತು, ಸ್ವಲ್ಪ ಹೊತ್ತಿಗೆ ಮೂರು ಗಂಟೆ ಅಂತು.

"ಇದೇನ್ರಿ, ಕಾದಷ್ಟೂ ಟೈಮ್ ಏರಾಕತ್ತೈತಿ?"

"ಒಂದೊಂದು ಚಿತ್ರಾನೂ ಅದು ಹೊಸದಾಗಿ ಬರೀಬೇಕು ಆಂಟಿ."

ಇಬ್ಬರೂ ಬೆಂಚಿನ ಮೇಲೆ ಕೂತು, ನಕ್ಕಿದ್ದು ಹೌದೋ ಅಲ್ಲವೋ ಅಂತ ಮಧ್ಯಾಹ್ನದವರೆಗೂ ವಾದ ಮಾಡಿದರು. ಕೊನೆಗೆ ತೆರೆ ಮೇಲೆ ವರ ಬಂದ. ಬಾಯ್ತುಂಬ ಬಿಳೀ ಹಲ್ಲು ಬಿಟ್ಟು ನಗುತ್ತಿದ್ದ.

"ನೋಡಿದಿ?" ಅಂತ ಯಜಮಾನರು ಎದ್ದೇ ನಿಂತರು.

ಆಂಟಿ ಹತ್ತಿರ ಬಂದು ನೋಡಿದರು. "ಯಾರ್ರಿ ಇಂವಾ? ನಮ್ಮವರಿಗೆ ಆಗ ಮುಂದಿನ ಎರಡು ಹಲ್ಲೇ ಇರ್ಲಿಲ್ಲ!"

ಕಾಣದ ಜಾಗವನ್ನು ಫಿಲ್ಟರ್ ಊಹೆ ಮಾಡಿ ತುಂಬುತ್ತದೆ ಅಂತ ಒಪ್ಪಿಕೊಂಡೆ.

"ಬ್ಯಾಡ. ನಾ ಮಾಲಿ ಹಾಕಿದ್ದು ಇಂವಗಲ್ಲ. ಹಳೇದ್ನ ಕೊಡ್ರಿ," ಅಂದು ಪೆನ್‌ಡ್ರೈವ್ ಇಸಿದುಕೊಂಡು ಆಂಟಿ ಮೆಟ್ಟಿಲಿಳಿದರು.

ಯಜಮಾನರು ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದರು. "ಆ ಹಲ್ಲಿನಂವನ್ನ ಅಳಿಸಬ್ಯಾಡ್ರಿ. ನನ್ನ ವಾಟ್ಸಾಪಿಗೆ ಹಾಕ್ರಿ," ಅಂತ ಪಿಸುಗುಟ್ಟಿದರು.

ಈಗ ಅವರ ಡಿಪಿ ಅದೇ. ಆಂಟಿ ಏನಂದರು ಅಂತ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.