ಸಿಂಹದ ಗೋಪುರಕ್ಕೆ ಮೆಟ್ಟಿಲು ಎಷ್ಟು?

ರೊಟ್ಟಿ ಉಪ್ಪು ಮುಟ್ಟಿ ಹೇಳ್ತೀನಿ, ಇದು ನಡೆದಿದ್ದೇ. ಒಂದು ಮಾತು ಸುಳ್ಳಾಗಿದ್ರೂ ದ್ರೆನೊವ್ ಬೆಟ್ಟದ ಮೇಲಿರೋ ಕಂಚಿನ ಸಿಂಹ ಇಳಿದುಬಂದು ನನ್ನ ಮೀಸೆ ಕಿತ್ಕೊಂಡು ಹೋಗ್ಲಿ.

ಬೆಳಗಿನ ಐದೂವರೆ. ಮಂಜು ಎಷ್ಟು ದಟ್ಟ ಅಂದ್ರೆ ನೈದೆನ್ ಮೊದಲು ಮಂಜು ಗುಡಿಸ್ತಾನೆ, ಆಮೇಲೆ ಮೆಟ್ಟಿಲು. ಅರವತ್ತಾರು ವಯಸ್ಸು, ಬೂದು ಟೋಪಿ, ಒಂದು ಕಿವಿ ಸ್ವಲ್ಪ ಮಂದ. ಬಲ್ಗೇರಿಯಾ ಜನ ಎದೆ ತಟ್ಟಿ ತೋರಿಸೋ ಸಿಂಹದ ಗೋಪುರ ಅನ್ನೋ ಈ ಸ್ಮಾರಕದ ಮೆಟ್ಟಿಲನ್ನ ಇಪ್ಪತ್ತೆಂಟು ವರ್ಷದಿಂದ ಗುಡಿಸ್ತಿರೋನು ಇವನೊಬ್ಬನೇ. ದಿನಕ್ಕೊಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ. ವರ್ಷಕ್ಕೆ ಹನ್ನೊಂದು ಪೊರಕೆ ಸವೀತವೆ, ಹಿಮ ಬಿದ್ರೆ ಎರಡು ಸಲಿಕೆ. ಮೆಟ್ಟಿಲು ಎಷ್ಟು ಅಂತ ಮಾತ್ರ ಅವನನ್ನ ಕೇಳ್ಬೇಡಿ.

ಅದನ್ನೇ ಕೇಳೋಕೆ ಇವತ್ತು ರಾಜಧಾನಿಯಿಂದ ವಿಯೊಲೆತಾ ಅನ್ನೋ ಮೇಡಂ ಬರ್ತಿದ್ದಾರೆ. ಹೊಸ ಅಮೃತಶಿಲೆ ಫಲಕದಲ್ಲಿ ಲೆಕ್ಕ ಕೆತ್ತಿಸಬೇಕಂತೆ. ಹಳೇ ಹಿತ್ತಾಳೆ ಫಲಕ ಆರುನೂರು ಅನ್ನುತ್ತೆ, ಸ್ಕೂಲ್ ಪುಸ್ತಕ ಆರುನೂರಾ ಒಂಬತ್ತು, ಟಿಕೆಟ್ ಹಿಂದೆ ಆರುನೂರಾ ಹದಿನೇಳು. ಕೆಳಗಿನೂರಿನ ಎಂಬತ್ತೊಂದರ ಗಾನಾ ಅಜ್ಜಿ ಇದ್ಯಾವುದನ್ನೂ ಒಪ್ಪಲ್ಲ. "ನಾನು ಸೊಸೆಯಾಗಿ ಬಂದಾಗ ಐನೂರೇ ಇದ್ದಿದ್ದು ಕಣೋ. ಓಡ್ಕೊಂಡು ಹತ್ತುತಿದ್ದೆ!" ಎಣಿಸೋಕೆ ಅಂತ ಬಂದ ಪರದೇಶದ ಪ್ರೊಫೆಸರ್ ಒಬ್ಬ ಮೂರು ದಿನ ಹತ್ತಿಳಿದು, ನಾಲ್ಕನೇ ದಿನ ಪುಸ್ತಕ ಬಿಸಾಕಿ ಇಲ್ಲೇ ಕುರಿ ಕಾಯೋಕೆ ಸೇರ್ಕೊಂಡ. ಕುರಿ ಕಾಯ್ತಾನೆ, ಎಣಿಸು ಅಂದ್ರೆ ಅಳ್ತಾನೆ.

ಗೋಪುರದ ಕಥೆ ಇಷ್ಟೇ. ತುರ್ಕಿ ಸುಲ್ತಾನನ ದಂಡಿಗೆ ಎದುರಾಗಿ ಏಳು ಹಳ್ಳಿ ಜನ ಈ ತುದೀಲಿ ಮೂರು ದಿನ ನಿಂತ್ರು. ಅವರ ಫಿರಂಗಿ ಅಂದ್ರೆ ಕೊರೆದ ಚೆರ್ರಿ ಮರದ ದಿಮ್ಮಿ. ಎರಡನೇ ಗುಂಡಿಗೇ ಸೀಳಿಹೋಯ್ತು. ಸತ್ತೋರ ಮೂಳೆ ಗೋಪುರದ ಒಳಗಿವೆ, ಬಾಗಿಲ ಮೇಲೆ ಸಿಂಹ. ಆಮೇಲೆ ಮೆಟ್ಟಿಲು ಕಟ್ಟೋಕೆ ಹಳ್ಳಿಗೊಂದು ಪಾಲು ಹಂಚ್ಕೊಂಡ್ರು. ತುದಿ ಪಾಲು ಬಂದಿದ್ದು ಬುಕೊರೊವೊದವರಿಗೆ. ಆ ಊರಿನ ಗಂಡಸರು ಎಂಥಾ ಎತ್ತರ ಅಂದ್ರೆ ಚಿಮಣಿಗೆ ಬಾಯಿಟ್ಟು ಮನೆಯೊಳಗಿನ ಹೆಂಡ್ತೀನ ಕರೀತಿದ್ರು. ತಮ್ಮ ಕಾಲಳತೆಗೇ ಕಟ್ಟಿಬಿಟ್ರು.

ಅಜ್ಜಿಯರು ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. ಹೋದೋರನ್ನ ನೆನೆಯೋ ಹಬ್ಬ ಸತ್ತೋರ ಶನಿವಾರ ಬಂದ್ರೆ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಹೊತ್ಕೊಂಡು ಹತ್ತುತ್ತಾರೆ. ಮೇಲೆ, ಮೂಳೆ ಹತ್ರ ಇಟ್ಟು ಹಂಚಿ ತಿನ್ನಬೇಕು.

"ಹದಿನೇಳು ವರ್ಷದ ಹಿಂದೆ ಗುಡಿಸ್ತಾ ಬಂದೆ, ಮೆಟ್ಟಿಲ ಮೇಲೆ ಒಂದು ಬಟ್ಟಲು ಗೋಧಿ," ಅಂತಾನೆ ನೈದೆನ್. "ನಮ್ಮಮ್ಮಂದು. ಅಲ್ಲೀವರೆಗೆ ಬಂದು, ಮುಂದಕ್ಕೆ ಕಾಲೆತ್ತೋಕಾಗದೆ ಅಲ್ಲೇ ಇಟ್ಟು ಇಳಿದುಹೋಗಿದ್ಲು. ನನಗೂ ಹೇಳಿರಲಿಲ್ಲ."

ಮಾರನೇ ಬೆಳಗ್ಗೆ ಆ ಮೆಟ್ಟಿಲ ಮುಂದೆ ಅರ್ಧ ಎತ್ತರದ್ದೊಂದು ಮೆಟ್ಟಿಲು ಬಂತು. ಅವತ್ತಿಂದ ಹಾಗೇ. ಯಾವ ಮೆಟ್ಟಿಲಲ್ಲಿ ಅಜ್ಜಿಯೊಬ್ಬಳು ನಿಂತು ಉಸಿರು ಬಿಡ್ತಾಳೋ, ಅಲ್ಲೊಂದು ಮರಿ ಮೆಟ್ಟಿಲು. ಒಟ್ಟು ಎಷ್ಟು? "ಹದಿನೈದೋ ಇಪ್ಪತ್ತಾರೋ. ಕಲ್ಲಿನ ಬಣ್ಣ ಹಿಡಿದ್ಮೇಲೆ ನನಗೇ ಗುರುತು ಸಿಗಲ್ಲ. ಎಣಿಸೋಕೆ ಹೋದ್ರೆ ತಲೆ ಗಿರ್ರ್ ಅನ್ನುತ್ತೆ."

ದೇಶದ ಸ್ಮಾರಕಕ್ಕೆ ಕರಣೆ ಹಾಕಿದ್ದು ಗೊತ್ತಾದ್ರೆ ಇವನ ಕೆಲಸ ಹೋಗುತ್ತೆ. ಅದಿರಲಿ, ಮರಿ ಮೆಟ್ಟಿಲೆಲ್ಲ ಕಿತ್ತುಹಾಕ್ತಾರೆ. ಇವತ್ತೇ ಸತ್ತೋರ ಶನಿವಾರ. ಎರಡು ವರ್ಷದಿಂದ ತುದಿ ಹತ್ರ ಬಂದೂ ಮುಂದೆ ಹತ್ತಲಾಗದ ಗಾನಾ ಅಜ್ಜಿಗೆ ಅಂತ ಇವತ್ತು ಬೆಳಗ್ಗೆ ಹಾಕಿದ ಮರಿ ಮೆಟ್ಟಿಲ ಗಾರೆ ಇನ್ನೂ ಹಸಿ. ಮೇಲೆ ಹಲಗೆ ಮುಚ್ಚಿದ್ದಾನೆ.

ಮೇಡಂ ಹತ್ತುವಾಗ ಆರುನೂರಾ ಇಪ್ಪತ್ಮೂರು. ಇಳಿಯುವಾಗ ಆರುನೂರಾ ಇಪ್ಪತ್ತೊಂದು.

"ಎರಡು ಎಲ್ಲಿ ಹೋದ್ವು?"

"ಇಳಿಯುವಾಗ ಎಲ್ರೂ ಎರಡು ಹಾರ್ತಾರೆ ಮೇಡಂ, ಖುಷಿಗೆ."

"ಹಲಗೆ ಮೆಟ್ಟಿಲೋ ಅಲ್ವೋ?"

"ನೀವು ಹೇಗಂತೀರೋ ಹಾಗೆ."

ಮೂರನೇ ಸಲ ಎಣಿಸೋಕೆ ಅಂತ ಮತ್ತೆ ಹತ್ತೋ ಹೊತ್ತಿಗೆ ಗಾನಾ ಅಜ್ಜಿ ಬಟ್ಟಲು ಮಡಿಲಲ್ಲಿಟ್ಟು ಹಲಗೆ ಮೇಲೆ ಕೂತಿದ್ದಾಳೆ. "ಬಾ ಮಗಳೇ, ನನ್ನ ಗಂಡನ ಹೆಸರಲ್ಲಿ ಒಂದು ಚಮಚ ತಿನ್ನು."

"ಆರುನೂರಾ ಹದಿನಾಲ್ಕು... ಎಣಿಸ್ತಿದೀನಿ ಅಜ್ಜಿ."

"ಎಣಿಸಿದ್ರೆ ಹೋದೋರು ಬದುಕಿ ಬರ್ತಾರಾ? ನಿನಗೂ ಯಾರಾದ್ರೂ ಸತ್ತಿರ್ತಾರಲ್ಲ, ಅವರ ಹೆಸರಲ್ಲಿ ತಿನ್ನು."

ಮೇಡಂ ಚಮಚ ಇಸ್ಕೊಳ್ತಾರೆ. "ಅಮ್ಮ," ಅಂತಾರೆ. ತಿಂತಾರೆ. ಬಾಯ್ತುಂಬ ಗೋಧಿ ಇಟ್ಕೊಂಡು ಯಾರಿಗೆ ಎಣಿಸೋಕಾಗುತ್ತೆ? ಲೆಕ್ಕ ಹಾರಿಹೋಗುತ್ತೆ. ಅಜ್ಜೀನ ಕೈ ಹಿಡಿದು ಎಬ್ಬಿಸ್ತಾರೆ, ಹಲಗೆ ಜಾರುತ್ತೆ, ಮೇಡಂ ಹಿಮ್ಮಡಿ ಹಸಿ ಗಾರೆಯೊಳಗೆ ಪಚಕ್!

ನೈದೆನ್ ಸಿಂಹದ ಕಡೆ ನೋಡ್ತಾನೆ. ಸಿಂಹ ಬೇರೆ ಕಡೆ ನೋಡುತ್ತೆ.

"ಇದೇನಯ್ಯಾ? ನಿಮ್ಮೂರಲ್ಲಿ ಮೆಟ್ಟಿಲು ಬೆಳೀತವಾ?"

"ಮಕ್ಕಳಿಗೆ ಹಲ್ಲು ಬರಲ್ವಾ ಮೇಡಂ, ಹಾಗೆ."

ಮೇಡಂ ಕಾಲು ಕಿತ್ಕೊಳ್ತಾರೆ. ಪಕ್ಕದ ಮೆಟ್ಟಿಲು ನೋಡ್ತಾರೆ, ಅದರ ಕೆಳಗಿಂದು ನೋಡ್ತಾರೆ. ಅಜ್ಜಿ ಅಷ್ಟೊತ್ತಿಗೆ ಹಲಗೆ ದಾಟಿ, ಮೊಣಕಾಲಿಗೆ ಬೈಕೊಂಡು, ಗೋಪುರದ ಬಾಗಿಲು ಮುಟ್ಟಿಬಿಟ್ಟಿದ್ದಾಳೆ. ಅದನ್ನೂ ನೋಡ್ತಾರೆ. ಆಮೇಲೆ ಪುಸ್ತಕ ತೆಗೆದು ಬರೀತಾರೆ: ಆರುನೂರಕ್ಕೂ ಮೇಲ್ಪಟ್ಟು.

ಹೊರಡುವಾಗ ಶೂ ಒರೆಸ್ಕೊಂಡು ಒಂದೇ ಮಾತು ಅಂತಾರೆ: "ಬಾಗಿಲ ಮುಂದಿನ ಕೊನೇ ಮೆಟ್ಟಿಲು ಇನ್ನೂ ಎತ್ತರ ಇದೆಯಲ್ಲ. ಕಣ್ಣಿಗೆ ಬೀಳಲಿಲ್ವಾ?"

ಆ ಹಿಮ್ಮಡಿ ಗುಂಡೀನ ನೈದೆನ್ ಮುಚ್ಚಿಲ್ಲ. ಮಳೆ ನೀರು ನಿಲ್ಲುತ್ತೆ, ಗುಬ್ಬಿ ಬಂದು ಕುಡಿಯುತ್ತೆ. "ಕೊನೇದೊಂದು ಆಗ್ಬಿಟ್ರೆ ಸಾಕು," ಅಂತಾನೆ. "ನನ್ನ ಹೆಂಡ್ತಿ ಸ್ತೋಯ್ನಾಗೂ ಈಗ ಮೊಣಕಾಲು ನೋವು ಶುರುವಾಗಿದೆ."

ಅದಕ್ಕೆ ಅರ್ಧ ಚೀಲ ಸಿಮೆಂಟು ಸಾಕಂತೆ. ಕಥೆ ಪುಕ್ಕಟೆ ಕೇಳಿದೋರು ನೀವು. ಆ ಕಡೆ ಹೋಗುವಾಗ ಬರಿಗೈಲಿ ಹೋಗ್ಬೇಡಿ. ಹತ್ತುವಾಗ ಎಣಿಸ್ಲೂ ಬೇಡಿ, ಕುರಿ ಕಾಯೋಕೆ ಅಲ್ಲಿ ಜಾಗ ಖಾಲಿ ಇಲ್ಲ.