ಎಡಗೆನ್ನೆಯ ನೆರಳು

ಪಾರ್ಲರಿನಲ್ಲಿ ಅವಳನ್ನು ಎಲ್ಲರೂ ‘ಮೇಡಂ’ ಎನ್ನುತ್ತಿದ್ದರು, ಎನ್ನಲೇಬೇಕಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಸಲಿಗೆಯಿಂದ ‘ಅಕ್ಕಾ’ ಎಂದುಬಿಟ್ಟರೆ ಅವಳ ಕೈಯಲ್ಲಿದ್ದ ಬ್ರಷ್ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

“ಅಕ್ಕ ಗಿಕ್ಕ ಎಲ್ಲಾ ಮನೇಲಿ. ಇಲ್ಲಿ ಮೇಡಂ ಅನ್ನಿ.”

ಮನೆಯಲ್ಲಿಯೂ ಅವಳನ್ನು ಅಕ್ಕ ಎನ್ನುವವರು ಯಾರೂ ಉಳಿದಿಲ್ಲವೆಂಬುದು ಆ ಹುಡುಗಿಯರಿಗೆ ತಿಳಿದಿರಲಿಲ್ಲ.

ದರ್ಜಿಯ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಪಾರ್ಲರ್. ಕೆಳಗಿನ ಹೊಲಿಗೆ ಯಂತ್ರ ಓಡಿದಾಗಲೆಲ್ಲ ಮೇಲಿನ ಕನ್ನಡಿ ಸಣ್ಣಗೆ ನಡುಗುತ್ತಿತ್ತು. ಮದುವಣಗಿತ್ತಿಯರ ಮುಖ ಸಿಂಗರಿಸುವುದರಲ್ಲಿ ಮೇಡಂ ಎತ್ತಿದ ಕೈ. ಕೂತವಳ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು, “ಕಣ್ಣು ಮುಚ್ಚಮ್ಮ, ನಾನು ಹೇಳೋವರೆಗೂ ತೆಗೀಬೇಡ” ಎಂದರೆ ಮುಗಿಯಿತು. ಆಮೇಲೆ ಮೇಡಂ ಕೂಡ ಕನ್ನಡಿಯತ್ತ ನೋಡುತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಕಲಿಯಲು ಬಂದವರಿಗೆ ಅವಳು ಹೇಳುತ್ತಿದ್ದುದು ಇಷ್ಟೇ: “ಕಾಂಟೂರಿನ ಕಂದು ನೆರಳು ಕೆನ್ನೆಯನ್ನ ಹಿಂದಕ್ಕೆ ತಳ್ಳುತ್ತೆ, ಹೈಲೈಟರಿನ ಹೊಳಪು ಮುಂದಕ್ಕೆ ಕರೆಯುತ್ತೆ. ಬ್ಲಶ್ಶಿನ ಕೆಂಪು ಇವೆರಡಕ್ಕೂ ರಾಜಿ ಮಾಡಿಸುತ್ತೆ. ಮನೇಲಿ ಅತ್ತೆ ಸೊಸೆ ಮಧ್ಯೆ ಇರೋ ಗಂಡಸಿನ ಥರ.”

ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಮೇಡಂ ನಗುತ್ತಿರಲಿಲ್ಲ.

ಮದುವೆಗಳಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಫೋಟೋಗ್ರಾಫರ್ ಬಾಯಿಗೆ ಬೀಗವಿಲ್ಲದ ಮನುಷ್ಯ. ಒಂದು ಮಧ್ಯಾಹ್ನ ಚಹಾ ಕುಡಿಯಲು ಬಂದವನು ತನ್ನ ಲ್ಯಾಪ್‌ಟಾಪ್ ತೆರೆದು ಅವಳ ಮುಂದಿಟ್ಟ.

“ಮೇಡಂ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮದುವಣಗಿತ್ತಿಯರೆಲ್ಲ ಒಂದೇ ತಾಯಿ ಮಕ್ಕಳ ಥರ ಕಾಣ್ತಾರಲ್ಲ?”

“ಮದುವೆ ದಿನ ಎಲ್ಲರೂ ಹಾಗೇ ಕಾಣೋದು.”

“ಅಯ್ಯೋ ಅದಲ್ಲ. ಈ ಎಡಗೆನ್ನೆ ನೋಡಿ. ಇವಳದ್ದು ನೋಡಿ, ಇವಳದ್ದು, ಇಗೋ ಇವಳದ್ದು. ಯಾರೋ ಒಳಗಿಂದ ಕೆನ್ನೆ ಎಳೆದುಕೊಂಡ ಹಾಗೆ.”

ಚಿತ್ರಗಳು ಒಂದರ ಹಿಂದೊಂದು ಸರಿದವು. ದುಂಡು ಮುಖ, ಉದ್ದ ಮುಖ, ಅಗಲವಾದ ಹಣೆ, ಚೂಪಾದ ಗದ್ದ. ಎಲ್ಲದರಲ್ಲಿಯೂ ಎಡಗೆನ್ನೆ ಮಾತ್ರ ಕುಳಿಬಿದ್ದಿತ್ತು; ನಗುತ್ತಿದ್ದವರೂ ಆ ಒಂದು ಬದಿಯಲ್ಲಿ ನಗುತ್ತಿರಲಿಲ್ಲ. ಮೇಡಂಗೆ ಆ ಕುಳಿಯ ಪರಿಚಯವಿತ್ತು. ಚಹಾದ ಲೋಟವನ್ನು ಅವಳು ಎರಡೂ ಕೈಯಿಂದ ಕೆಳಗಿಟ್ಟಳು.

ಅವಳು ಕಸುಬು ಕಲಿತದ್ದು ತಂಗಿಯ ಮುಖದ ಮೇಲೆ. ಇಬ್ಬರೂ ಇದ್ದ ಬಾಡಿಗೆ ಕೋಣೆಗೆ ಒಂದೇ ಕಿಟಕಿ. ಅದರ ಬೆಳಕು ಕುರ್ಚಿಯಲ್ಲಿ ಕೂತ ತಂಗಿಯ ಎಡಗೆನ್ನೆಗೆ ನೇರವಾಗಿ ಬೀಳುತ್ತಿತ್ತು. ಅಷ್ಟು ಬೆಳಕಿನಲ್ಲಿ ಕಾಂಟೂರ್ ಕರಗಿಹೋಗುತ್ತದೆಂದು ಅವಳು ಎಡಕ್ಕೆ ಯಾವಾಗಲೂ ಒಂದು ಪಾಲು ಹೆಚ್ಚು ತೀಡುತ್ತಿದ್ದಳು. “ಅಕ್ಕಾ, ಸಾಕು ಬಿಡೇ, ಗೋಡೆಗೆ ಸುಣ್ಣ ಬಳಿಯೋ ಹಾಗೆ ಬಳೀತೀಯಲ್ಲ” ಎಂದು ತಂಗಿ ಗೊಣಗುತ್ತಿದ್ದಳು. ಹಾಗೆ ಕಲಿತ ಕೈ ಹಾಗೆಯೇ ಗಟ್ಟಿಯಾಯಿತು.

ಕೂಸನ್ನು ಹೆತ್ತ ಕೆಲವೇ ದಿನಗಳಲ್ಲಿ ತಂಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು. “ಹೀಗೆ ಬಿಳಿಚಿಕೊಂಡ ಮುಖದಲ್ಲೇ ಕಳಿಸಬೇಡ ಕಣೇ, ಒಂಚೂರು ಬಣ್ಣ ಹಚ್ಚು” ಎಂದು ಅಮ್ಮ ಅತ್ತಾಗ ಅವಳು ಬ್ರಷ್ ಹಿಡಿದಿದ್ದಳು. ಆಸ್ಪತ್ರೆಯ ಆ ಕೋಣೆಯ ಕಿಟಕಿ ಇದ್ದದ್ದು ಬಲಕ್ಕೆ. ಎಡಗೆನ್ನೆ ಆಗಲೇ ನೆರಳಿನಲ್ಲಿತ್ತು; ರೂಢಿಬಿದ್ದ ಕೈ ಅದರ ಮೇಲೆ ಇನ್ನೊಂದು ನೆರಳನ್ನು ಹೇರಿತು. ದೂರ ನಿಂತು ನೋಡಿದಾಗ ತಂಗಿಯ ಮುಖದಲ್ಲೊಂದು ಗುಂಡಿ ಬಿದ್ದಿತ್ತು. ಅಳಿಸಿ ಮತ್ತೆ ಮಾಡಲು ಯಾರೂ ಬಿಡಲಿಲ್ಲ. ಹೊತ್ತಾಯಿತೆಂದರು.

ಇಷ್ಟು ವರ್ಷವೂ ತಾನು ಮದುವಣಗಿತ್ತಿಯರಿಗೆ ಕೊಡುತ್ತಿದ್ದುದು ಆ ಮುಖವನ್ನು.

ತಂಗಿಯ ಮಗಳನ್ನು ಸಾಕಿದವಳು ಮೇಡಮ್ಮೇ. ಈಗ ಆ ಹುಡುಗಿಯ ಮದುವೆಯೂ ಹತ್ತಿರ ಬಂದಿತ್ತು. ಅಲಂಕಾರಕ್ಕೆ ಬೇರೆ ಯಾರನ್ನಾದರೂ ಗೊತ್ತುಮಾಡೋಣವೆಂದರೆ ಹುಡುಗಿ ಕಿವಿಗೇ ಹಾಕಿಕೊಳ್ಳಲಿಲ್ಲ.

“ಊರವರ ಮುಖಕ್ಕೆಲ್ಲ ಬಳಿದು ನನ್ನ ಮುಖಕ್ಕೆ ಬಂದಾಗ ರಜಾ ಹಾಕ್ತೀಯಾ ದೊಡ್ಡಮ್ಮಾ? ನೀನು ಮಾಡದಿದ್ರೆ ನಾನು ಹೀಗೇ ಎದ್ದು ಹೋಗ್ತೀನಿ, ಕಣ್ಣ ಗೀಜು ಸಮೇತ.”

ಒಮ್ಮೆ ಮಾಡಿ ನೋಡೋಣವೆಂದು ಮೇಡಂ ಅವಳನ್ನು ಪಾರ್ಲರಿನಲ್ಲಿ ಕೂರಿಸಿದಳು. ಎಡಗೆನ್ನೆಗೆ ಬಂದಾಗ ಕೈಯನ್ನು ಬಿಗಿಹಿಡಿದಳು. ಬ್ರಷ್ ಚರ್ಮವನ್ನು ಸೋಕಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಎಳೆದಳು. ಕೆಳಗೆ ಹೊಲಿಗೆ ಯಂತ್ರ ನಿಂತಿತ್ತು. ಆ ನಿಶ್ಶಬ್ದದಲ್ಲಿ ತೀರ ಹತ್ತಿರದಿಂದ ಒಂದು ದನಿ ಗೊಣಗಿತು:

“ಅಕ್ಕಾ, ಎಡಗಡೆ ಜಾಸ್ತಿ ಆಯ್ತಲ್ಲೇ.”

ಮೇಡಂ ಬೆಚ್ಚಿ ಹಿಂದೆ ಸರಿದಳು. “ಏನಂದೆ?”

“ನಾನೆಲ್ಲಿ ಏನಂದೆ?” ಹುಡುಗಿ ಕಣ್ಣು ತೆರೆದು ಕನ್ನಡಿ ನೋಡಿದಳು. ಅವಳ ಮುಖದ ಬಣ್ಣವೇ ಇಳಿಯಿತು. “ಇದ್ಯಾರು ದೊಡ್ಡಮ್ಮಾ? ನಾನಲ್ಲ. ಅಮ್ಮನ ಫೋಟೋ ಥರಾನೂ ಇಲ್ಲ.”

ಮೇಡಂ ಹತ್ತಿಯಿಂದ ಒರೆಸಿದಳು. ಫೌಂಡೇಶನ್ ಬಂತು, ಬ್ಲಶ್ ಬಂತು. ಎಡಗೆನ್ನೆಯ ಕುಳಿ ಮಾತ್ರ ಬರಲಿಲ್ಲ. ಹತ್ತಿ ಬೆಳ್ಳಗೆ ವಾಪಸಾಗುತ್ತಿತ್ತು, ನೆರಳು ಇದ್ದಲ್ಲೇ ಇತ್ತು. ಉಜ್ಜಿ ಉಜ್ಜಿ ಚರ್ಮ ಕೆಂಪೇರಿ ಹುಡುಗಿ “ಉರೀತಿದೆ” ಎಂದಾಗಷ್ಟೇ ಅವಳು ಕೈಬಿಟ್ಟಳು. ಸಂಜೆ ಹುಡುಗಿ ಊಟಕ್ಕೆ ಕೂತಾಗ ಆ ಕುಳಿ ಕಾಣದಾಗಿತ್ತು. ಆದರೆ ಅದನ್ನೇ ಹೊತ್ತು ಅವಳು ಮದುವೆಯ ದಿನ ನೂರಾರು ಜನರ ಮುಂದೆ ಕೂತರೆ? ಹೆತ್ತವಳು ಹೋದ ಮುಖದಲ್ಲಿ ಮಗಳು ಬಾಳು ಶುರುಮಾಡಿದರೆ?

ಮದುವೆಯ ಬೆಳಿಗ್ಗೆ ಕಲ್ಯಾಣ ಮಂಟಪದವರು ಮದುಮಗಳಿಗೆಂದು ಕೊಟ್ಟ ಕೋಣೆಯ ಬಾಗಿಲು ತೆರೆದವಳೇ ಅವಳು ಹೊಸ್ತಿಲಲ್ಲಿ ನಿಂತುಬಿಟ್ಟಳು. ಸುಣ್ಣದ ಗೋಡೆ, ಕಬ್ಬಿಣದ ಮಂಚ. ಆಸ್ಪತ್ರೆಯ ಆ ಕೋಣೆಯಂತೆಯೇ ಕಿಟಕಿ ಬಲಕ್ಕಿತ್ತು.

ಮೊದಲು ಅವಳು ಕುರ್ಚಿಯನ್ನು ತಿರುಗಿಸಲು ಹೋದಳು. ಬೆಳಕು ಎಡಕ್ಕೆ ಬಿದ್ದರೆ ತಪ್ಪು ಮುಚ್ಚಿಹೋಗುತ್ತದೆ, ಹಳೆಯ ಬಾಡಿಗೆ ಕೋಣೆಯಲ್ಲಿ ಮುಚ್ಚಿಹೋದಂತೆ. ಅರ್ಧ ತಿರುಗಿಸಿದವಳು ನಿಂತಳು. ಮುಚ್ಚಿಹೋದದ್ದರಿಂದಲೇ ತಾನೆ ಇದು ಇಷ್ಟು ದೂರ ಬಂದದ್ದು. ಕುರ್ಚಿಯನ್ನು ಇದ್ದಲ್ಲಿಗೇ ಎಳೆದಳು.

“ಕಣ್ಣು ಮುಚ್ಚು ಪುಟ್ಟಾ.”

ಈ ಸಲ ಅವಳು ಕನ್ನಡಿಯನ್ನು ನೋಡುತ್ತಲೇ ಬಲಗೆನ್ನೆಯಿಂದ ಶುರುಮಾಡಿದಳು. ಬೆಳಕು ಬಿದ್ದ ಆ ಬದಿಗೆ ಕಾಂಟೂರನ್ನು ಧಾರಾಳವಾಗಿ ತೀಡಿದಳು. ಮುಗಿಯುತ್ತಿದ್ದಂತೆ ಕೈ ತಾನಾಗಿಯೇ ಎಡಕ್ಕೆ ಜಾರಿತು. ಅಕ್ಕಿ ಮೂಟೆಯಷ್ಟು ಭಾರವಾಗಿ, ಯಾರೋ ಮಣಿಕಟ್ಟು ಹಿಡಿದು ಎಳೆದಂತೆ. ಅವಳು ಆ ಬ್ರಷ್ಷನ್ನು ನೆಲಕ್ಕೆ ಎಸೆದಳು. ನೆರಳಿನಲ್ಲಿದ್ದ ಎಡಗೆನ್ನೆಗೆ ನೆರಳು ಬೇಕಿರಲಿಲ್ಲ. ಹೈಲೈಟರ್ ತೆಗೆದುಕೊಂಡು, ಆ ಕುಳಿಯ ಜಾಗದಲ್ಲೇ, ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಳು. ಹಿಂದಕ್ಕೆ ತಳ್ಳಿದ್ದವಳನ್ನು ಮುಂದಕ್ಕೆ ಕರೆದಳು. ಬೆರಳಿಗೆ ತಾಗಿದ ಕೆನ್ನೆ ಆಸ್ಪತ್ರೆಯ ಆ ಕೆನ್ನೆಯಷ್ಟೇ ತಣ್ಣಗಿತ್ತು. ಅವಳು ಕೈ ತೆಗೆಯಲಿಲ್ಲ. ತಟ್ಟುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಚರ್ಮ ಬೆಚ್ಚಗಾಯಿತು. ಕೊನೆಗೆ ಎರಡೂ ಕೆನ್ನೆಗೆ ಬ್ಲಶ್ ಸವರಿದಳು, ಸಮಸಮವಾಗಿ.

“ಹೂಂ. ಈಗ ಸರಿ ಹೋಯ್ತು ನೋಡಕ್ಕಾ.”

ಕನ್ನಡಿಯಲ್ಲಿ ಹುಡುಗಿಯ ತುಟಿ ಅಲುಗಿರಲಿಲ್ಲ.

“ಇಷ್ಟು ದಿನ ಕಾಯ್ತಿದ್ಯೇನೇ?” ಎಂದಳು ಮೇಡಂ, ದನಿ ಇಲ್ಲದ ದನಿಯಲ್ಲಿ. “ಅವತ್ತು ಬೆಳಕು ನೋಡಲಿಲ್ಲ ಕಣೇ ನಾನು.”

ಹುಡುಗಿ ಕಣ್ಣು ತೆರೆದಳು. “ಯಾರ ಹತ್ರ ಮಾತಾಡ್ತಿದ್ದೆ ದೊಡ್ಡಮ್ಮಾ?”

“ಗಿರಾಕಿ ಹತ್ರ. ಹಳೇ ಗಿರಾಕಿ.”

ಹುಡುಗಿ ಕನ್ನಡಿಗೆ ಬಾಗಿ ಒಂದು ಕೆನ್ನೆ ನೋಡಿಕೊಂಡಳು, ಇನ್ನೊಂದು ನೋಡಿಕೊಂಡಳು. “ಅಬ್ಬಾ, ನಾನೇ” ಎಂದು ಎರಡೂ ಬದಿಯಿಂದ ನಕ್ಕಳು.

ವೇದಿಕೆಯ ಕೆಳಗೆ ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿ ಹುಬ್ಬೇರಿಸಿದ. “ಪರವಾಗಿಲ್ಲ ಮೇಡಂ, ಇವರೊಬ್ಬರು ಮಾತ್ರ ತಮ್ಮ ಥರಾನೇ ಇದ್ದಾರೆ.”

ಈಗ ಪಾರ್ಲರಿನ ಹುಡುಗಿಯರು ಅವಳನ್ನು ಅಕ್ಕ ಎಂದರೆ ಬ್ರಷ್ ನಿಲ್ಲುವುದಿಲ್ಲ. ಅವಳು “ಏನೇ?” ಎನ್ನುತ್ತಾಳೆ. ಆದರೆ ತಿರುಗುವ ಮೊದಲು ಒಮ್ಮೆ ಕನ್ನಡಿಯಲ್ಲಿ, ಕರೆದವರು ಯಾರೆಂದು ನೋಡಿಕೊಳ್ಳುತ್ತಾಳೆ.