ಕುಮುದಾಳ ಕಾಲು

ಅರಳಸುರಳಿಯ ಸುತ್ತ ಟಪಾಲು ಹಂಚುವ ಕುಮುದಾಳಷ್ಟು ನಡೆದವರು ಆ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ತನ್ನ ಕಾಲನ್ನು ಅವಳಷ್ಟು ಅನುಮಾನಿಸಿದವರೂ ಇಲ್ಲ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ಹಾಕುತ್ತಿದ್ದಳು. ಮುಂಗಾಲು ಮೇಲೆದ್ದರೆ ಆ ದಿನದ ಮಟ್ಟಿಗೆ ಬದುಕಿದ ಹಾಗೆ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅಪ್ಪ ಮಾಸ್ತಪ್ಪನಿಗೆ ನಲವತ್ತು ದಾಟುವಷ್ಟರಲ್ಲಿ ಕಾಲಲ್ಲಿ ಚಪ್ಪಲಿ ನಿಲ್ಲುತ್ತಿರಲಿಲ್ಲ. ಮಾಸ್ತಿಕಟ್ಟೆಯ ಅಣೆಕಟ್ಟು ಕೆಲಸದಲ್ಲಿ ತಣ್ಣೀರಲ್ಲಿ ನಿಂತದ್ದಕ್ಕೆ ಹೀಗಾಯಿತೆಂದು ಊರವರು ತೀರ್ಮಾನ ಕೊಟ್ಟುಬಿಟ್ಟರು. ಊರವರಿಗೇನು, ಬಾಯಿಗೆ ಬಂದದ್ದೇ ತೀರ್ಮಾನ. ಅಣೆಕಟ್ಟನ್ನು ಕಂಡೇ ಇರದ ಅಣ್ಣ ರಾಜುವೂ ಕಾಲೆಳೆಯತೊಡಗಿದಾಗ, ಇದು ರಕ್ತದಲ್ಲೇ ಇದೆ ಎಂದು ಕುಮುದಾಗೆ ಖಾತ್ರಿಯಾಯಿತು. ರಾಜುವಿಗೆ ಆಗಲೇ ಮದುವೆಯಾಗಿ ಮಗಳಿದ್ದಳು. ಕುಮುದಾಳನ್ನು ಕೇಳಿಕೊಂಡು ಬಂದವನು ಇಕ್ಕೇರಿಯ ಕೃಷ್ಣಕುಮಾರ್. ಅವಳಿಗೂ ಅವನ ಮೇಲೆ ಮನಸ್ಸಿತ್ತು. ಆದರೂ ಬೇಡವೆಂದು ಕಳಿಸಿದಳು. ಮತ್ತೆ ಯಾರನ್ನೂ ಒಪ್ಪಲಿಲ್ಲ.

ಇಪ್ಪತ್ತೇಳು ವರ್ಷ ಕಳೆಯಿತು. ಈಗ ರಾಜುವಿನ ಮಗಳು ಚೈತನ್ಯಾ ಎಡವತೊಡಗಿದ್ದಳು. ಶಿವಮೊಗ್ಗದ ಡಾಕ್ಟರು ಮನೆಯವರೆಲ್ಲರ ರಕ್ತ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಸೋದರತ್ತೆ, ಸೊಸೆ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಜ್ವರವೋ ದಣಿವೋ ಬಂದಾಗ ಜೀವಕೋಶದೊಳಗಿನ ಪ್ರೋಟೀನುಗಳ ಆಕಾರ ಕೆಡದಂತೆ ಕಾಯುವ ಹೀಟ್ ಶಾಕ್ ಪ್ರೋಟೀನುಗಳು ಎಲ್ಲರಲ್ಲೂ ಇರುತ್ತವೆ. ಈ ಮನೆತನದಲ್ಲಿ ಅಂಥದೊಂದು ಹುಟ್ಟಿನಿಂದಲೇ ತಪ್ಪಾಗಿ ತಯಾರಾಗುತ್ತದೆ. ಕಾಯುವವನೇ ಕೈಕೊಟ್ಟಾಗ ಪಾದದವರೆಗಿನ ಉದ್ದ ನರಗಳು ಮೊದಲು ಸೋಲುತ್ತವೆ. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

"ಚೈತನ್ಯಾಗೆ ಇದೆ. ಕುಮುದಾ ಅವರೇ, ನಿಮಗಿಲ್ಲ. ಯಾವತ್ತೂ ಇರಲಿಲ್ಲ."

ಕುಮುದಾಗೆ ತಾನು ಒಬ್ಬಳಿಗಾಗಿ ಬೇಯಿಸಿಕೊಂಡ ಅನ್ನವೆಲ್ಲ ಒಟ್ಟಿಗೆ ನೆನಪಿಗೆ ಬಂತು. ಕಾಯಿಲೆ ಇರುವ ಹುಡುಗಿ ಪಕ್ಕದಲ್ಲೇ ಕೂತಿರುವಾಗ ತನಗಾಗಿ ಅಳು ಬರುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಬಸ್ಸಿನಲ್ಲಿ ಚೈತನ್ಯಾ ತಾನು ಮದುವೆಯಾಗಬೇಕೆಂದಿದ್ದ ಸಚಿನ್‌ಗೆ ಫೋನ್ ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಫೋನ್ ಇಟ್ಟ ಕೂಡಲೇ ಕುಮುದಾ ಕೇಳಿದಳು.

"ಏನಂದ್ನೇ?"

"ಸಂಜೆ ಬರ್ತೀನಿ, ಕೂತು ಮಾತಾಡಣ ಅಂದ." ಚೈತನ್ಯಾ ಕಣ್ಣೊರೆಸಿಕೊಂಡಳು. ಅತ್ತೆಯ ಹಳೆಯ ಸಂಬಂಧದ ಸುದ್ದಿಯನ್ನು ಅವಳು ಮನೆಯಲ್ಲಿ ಕೇಳಿದ್ದಳು. "ಅತ್ತೆ, ಈ ಕಾಲಿನ್ ವಿಷ್ಯ ಹೇಳ್ದಾಗ ಕೃಷ್ಣಕುಮಾರ್ ಎಂತ ಅಂದಿದ್ರು?"

ಕುಮುದಾ ಕಿಟಕಿಯ ಕಡೆ ತಿರುಗಿದಳು.

"ನಾನು ಹೇಳ್ಲೇ ಇಲ್ಲ ಕಣೆ."